ಮನೆಯಲ್ಲಿ ಡಿಜೆ ಹಾಕಲು ಸ್ಪೀಕರ್ ಕೊಳ್ಳುವವರೇ, ಮೊದಲು ಬೆಲೆಯ ಸ್ಟಿಕರ್ ಕಿತ್ತು ನೋಡಿ

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಸ್ಪೀಕರ್ ಹುಡುಕುತ್ತಿರುವವರು ಇದನ್ನು ಓದಿ ಆಮೇಲೆ ಹೋಗಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಬಿಲ್ಲೇ ಇಲ್ಲದವನು ಹೆಸರು ಬರೆದು ಏನು ಸಾಧಿಸುವುದು? 12,400 ರೂಪಾಯಿ ಹೋಯಿತು. ಹಣಕ್ಕಿಂತ ಮೋಸ ಹೋದ ರೀತಿ ನೆನೆದರೆ ಮೈ ಉರಿಯುತ್ತದೆ.

ನನ್ನಲ್ಲಿರುವುದು ಪಯನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎರಡು ಹಾಡು ಬೆರೆಸುವ ಡಿಜೆ ಡೆಕ್. ಸ್ಪೀಕರಿಗೆ ಹೋಗಲು ಅದರ ಹಿಂದೆ ವೈರ್ ಸಿಕ್ಕಿಸುವ ಕೆಂಪು-ಬಿಳಿ ಆರ್‌ಸಿಎ ತೂತು ಒಂದು ಜೋಡಿ, ಅಷ್ಟೇ. ಊರಿನ ಮೆಹಂದಿಗಳಲ್ಲಿ ಡಿಜೆ ಹಾಕಬೇಕೆಂಬ ಆಸೆ, ಅದಕ್ಕೆ ಮೊದಲು ಸುರತ್ಕಲ್‌ನ ಮನೆಯ ಹತ್ತಡಿ ಕೋಣೆಯಲ್ಲಿ ಅಭ್ಯಾಸ. ಭಾವ ಆಗಲೇ ಹೇಳಿದ್ದರು, ಪ್ರಿಸೋನಸ್ ಎರಿಸ್ 3.5ರಂಥ ಸಣ್ಣ ಮಾನಿಟರ್ ಸ್ಪೀಕರ್ ತೆಗೆದುಕೋ, ಒಂದೊಂದು ಬದಿಗೆ 25 ವಾಟ್, ಕೋಣೆಗೆ ಧಾರಾಳ ಎಂದು. 25 ವಾಟ್ ಎಂದದ್ದಕ್ಕೇ ನನಗೆ ನಗು ಬಂದಿತ್ತು.

ಅಂಗಡಿಯವನು ತೋರಿಸಿದ್ದು ಸೊಂಟದೆತ್ತರದ ಎರಡು ಪೆಟ್ಟಿಗೆ. ಮುಂದೆ ಬಣ್ಣದ ದೀಪ, ಮೇಲೆ '5000 ವಾಟ್ ಪಿಎಂಪಿಒ', ಅಂದರೆ ಕ್ಷಣಮಾತ್ರಕ್ಕೆ ಮುಟ್ಟುತ್ತದೆ ಎಂದು ಬರೆದುಕೊಳ್ಳುವ ಶಕ್ತಿ. ಡಿಜೆ ಡೆಕ್‌ಗೆ ಬೇಕು, ವೈರಿನಲ್ಲೇ ಹಾಕಬೇಕು ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲ. ಅವನು ಹಿಂದೆ ತಿರುಗಿಸಿ ಒಂದು ತೂತು ತೋರಿಸಿ, "ಇಲ್ಲಿದೆಯಲ್ಲ ಮಾರಾಯರೇ, ಡಿಜೆಯವರೆಲ್ಲ ಇದನ್ನೇ ತೆಗೆದುಕೊಂಡು ಹೋಗುವುದು" ಎಂದ. ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ಒಂದು ಹಾಡು ಹಾಕಿದ. ಅಂಗಡಿಯ ಗಾಜು ನಡುಗಿತು, ನನ್ನ ಬುದ್ಧಿಯೂ. ಜೋಡಿಗೆ 11,500. ಬಿಲ್ ಬೇಕಾದರೆ 18% ಜಿಎಸ್‌ಟಿ ಬೇರೆ ಎಂದ. ಬೇಡ ಎಂದೆ, ಅಲ್ಲಿಗೆ ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡ ಹಾಗಾಯಿತು. ಸಿಕ್ಕಿದ್ದು ಒಂದು ಎಸ್ಟಿಮೇಟ್ ಚೀಟಿ.

ಮನೆಗೆ ತಂದು ಆ ತೂತಿಗೆ ಕೇಬಲ್ ಹಾಕಿದರೆ ಬಂದದ್ದು ಹರಿದುಹೋದ ಸದ್ದು. ಜೊತೆಗೆ ಪ್ರತಿ ಬೀಟಿಗೂ ಒಂದು ಪ್ರತಿಧ್ವನಿ, ಬಾವಿಯೊಳಗೆ ಡ್ರಮ್ ಬಡಿದ ಹಾಗೆ. ಕೇಬಲ್ ಬದಲಿಸಿದೆ, ಡೆಕ್ಕಿನ ವಾಲ್ಯೂಮ್ ಇಳಿಸಿದೆ, ಅದೇ ಕಥೆ. ಕೊನೆಗೆ ಪೆಟ್ಟಿಗೆಯನ್ನು ಗೋಡೆಯ ಕಡೆಯಿಂದ ತಿರುಗಿಸಿ ಟಾರ್ಚ್ ಹಿಡಿದೆ. ತೂತಿನ ಕೆಳಗೇ ಬೆಲೆಯ ಸ್ಟಿಕರ್. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಸ್ಟಿಕರ್ ಅಂಟಿಸಲು ಬೇರೆ ಜಾಗವೇ ಇರಲಿಲ್ಲವೇ? ಉಗುರಿನಿಂದ ಕೆರೆದೆ. ಅರ್ಧ ಹರಿದು ಬಂತು. ಕೆಳಗೆ ಬಿಳಿ ಅಕ್ಷರದಲ್ಲಿ 'ಮೈಕ್' ಎಂದಿತ್ತು. ಕರೋಕೆ ಹಾಡುವವರ ಮೈಕಿನ ತೂತು! ಪ್ರತಿಧ್ವನಿ ಹಾಡುವವರ ದನಿಗೆಂದು ಸೇರಿಸಿದ್ದು. ಮೈಕಿನಿಂದ ಬರುವುದು ಇಷ್ಟೇ ಇಷ್ಟು ಸಿಗ್ನಲ್, ಡೆಕ್ಕಿನಿಂದ ಬರುವುದು ಅದರ ಎಷ್ಟೋ ಪಟ್ಟು. ಹರಿಯದೆ ಇನ್ನೇನು? ಎರಡನೆಯ ಪೆಟ್ಟಿಗೆಯಲ್ಲೂ ಸ್ಟಿಕರ್ ಅದೇ ಜಾಗದಲ್ಲಿ. ಅಂದರೆ ಕೈತಪ್ಪಿ ಅಂಟಿದ್ದಲ್ಲ.

ಫೋನ್ ಮಾಡಿದೆ. "ಸ್ಟಿಕರ್ ಕಂಪನಿಯಿಂದಲೇ ಬರುವುದು" ಎಂದ. ಕಂಪನಿಯವರು ಇವನ ಕೈಬರಹದಲ್ಲಿ ಬೆಲೆ ಬರೆದು ಕಳಿಸುತ್ತಾರಂತೆ! ಹಾಗಾದರೆ ವೈರ್ ಎಲ್ಲಿ ಹಾಕಲಿ ಎಂದರೆ, "ಈಗ ಯಾರು ವೈರ್ ಹಾಕುತ್ತಾರೆ, ಬ್ಲೂಟೂತ್ ಟ್ರಾನ್ಸ್‌ಮಿಟರ್ ತೆಗೆದುಕೊಂಡು ಹೋಗಿ." ಇನ್ನೂ 900. ಹೋಗಿ ತಂದೆ. ಹೌದು, ಅದೇ ಅಂಗಡಿಯಿಂದ. ಬೈಯುವವರು ಬೈಯಬಹುದು.

ಹಾಡು ಕೇಳುವವರಿಗೆ ಬ್ಲೂಟೂತ್ ತಡವಾದರೂ ಗೊತ್ತಾಗುವುದಿಲ್ಲ. ಅವನು ಅಂಗಡಿಯಲ್ಲಿ ಹಾಡು ಮಾತ್ರ ಕೇಳಿಸಿದ್ದು ಅದಕ್ಕೇ. ಡೆಕ್ ಹಾಗಲ್ಲ, ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಕೋಣೆಯಲ್ಲಿ ಓಡುತ್ತಿರುವ ಹಾಡಿಗೆ ಬೀಟ್ ಹೊಂದಿಸಬೇಕು. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಬೀಟ್. ಹೆಡ್‌ಫೋನಿನಲ್ಲಿ ಬೀಟ್ ಬಿದ್ದು, ಕೋಣೆಯಲ್ಲಿ ಅದೇ ಬೀಟ್ ಆಮೇಲೆ ನಿಧಾನಕ್ಕೆ ಬಂದರೆ ಎರಡು ಹಾಡು ಹೊಂದಿಸುವುದು ಹೇಗೆ? ಇದಕ್ಕೆ ಅವನ ಉತ್ತರ, "ಬೆರಳು ಸ್ವಲ್ಪ ಮೊದಲೇ ಒತ್ತಿ ನೋಡಿ." ಮರುದಿನ, "ಹೆಡ್‌ಫೋನ್ ಯಾಕೆ ಹಾಕುತ್ತೀರಿ?" ಮೂರನೆಯ ದಿನ, "ಡಿಜೆಗೆ ಎಂದು ಮೊದಲೇ ಹೇಳಿದ್ದರೆ ನಾನು ಕೊಡುತ್ತಲೇ ಇರಲಿಲ್ಲ." ಎರಡು ಸಲ ಹೇಳಿದ್ದೆ! ಈಗ ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ.

ಇನ್ನೊಂದು ವಿಷಯ ಹೇಳಲೂ ನಾಚಿಕೆ. ಈ ಪೆಟ್ಟಿಗೆಗೆ ಬ್ಯಾಟರಿ ಇಲ್ಲ, ಅಡಾಪ್ಟರಿನಿಂದಲೇ ನಡೆಯಬೇಕು. ಅಡಾಪ್ಟರಿನ ಮೇಲೆ ಬರೆದದ್ದು 15 ವೋಲ್ಟ್, 3 ಆಂಪಿಯರ್. ಗುಣಿಸಿದರೆ 45 ವಾಟ್. ಒಳಗೆ ಹೋಗುವುದೇ 45, ಹೊರಗೆ 5000 ಎಲ್ಲಿಂದ ಬರುತ್ತದೆ? ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು. ಭಾವನಿಗೆ ಈ ಲೆಕ್ಕ ಇನ್ನೂ ಹೇಳಿಲ್ಲ.

ಹೋಗುವವರು ಡೆಕ್ ಮತ್ತು ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗಿ. ಅಂಗಡಿಯಲ್ಲೇ ವೈರ್ ಹಾಕಿಸಿ, ಹೆಡ್‌ಫೋನ್ ಹಾಕಿಕೊಂಡು ಎರಡು ಹಾಡು ಹೊಂದಿಸಿ ನೋಡಿ. ಪಿಎಂಪಿಒ ಎಂದರೆ ಕಿವಿ ಮುಚ್ಚಿಕೊಳ್ಳಿ, ಆರ್‌ಎಂಎಸ್, ಅಂದರೆ ಬಿಡದೆ ಕೊಡುವ ನಿಜವಾದ ವಾಟ್, ಎಷ್ಟು ಎಂದು ಕೇಳಿ. ಬಿಲ್ ಬಿಡಬೇಡಿ.

ನಿನ್ನೆ ಅವನ ಸ್ಟೇಟಸ್‌ನಲ್ಲಿ ಅದೇ ಜೋಡಿ, 'ಡಿಜೆ ಸ್ಪೆಷಲ್, 10,500 ಮಾತ್ರ'. ನನಗಿಂತ ಸಾವಿರ ಕಡಿಮೆ. ಹಿಂಬದಿಯ ಫೋಟೋವನ್ನೂ ಹಾಕಿದ್ದಾನೆ. ದೊಡ್ಡದು ಮಾಡಿ ನೋಡಿದೆ. ಸ್ಟಿಕರ್ ಅಲ್ಲೇ ಇದೆ.