ಸ್ಪ್ಯಾನಿಷ್ ಮಾತಿನ ಸರಾಗತೆ ಅಳೆಯಲು ಪ್ರಾಟ್: ಬಹುಕಾಲ ಬಳಸಿದ ಮೇಲೆ

ಮೊದಲು ದುಡ್ಡು ಕೊಟ್ಟು ಒಂದು ಆ್ಯಪ್ ಬಳಸುತ್ತಿದ್ದೆ. ಮಾತಾಡಿದ ಕೂಡಲೇ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಯಾಕೆ ಅಷ್ಟು ಅಂತ ಮಾತ್ರ ಹೇಳುತ್ತಿರಲಿಲ್ಲ. ಬೇಜಾರಾಗಿ ಪ್ರಾಟ್‌ಗೆ ಬಂದೆ.

ಇದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಮಾಡಿದ, ರೆಕಾರ್ಡ್ ಮಾಡಿದ ಮಾತನ್ನು ಅಳೆದು ನೋಡುವ ಉಚಿತ ಸಾಫ್ಟ್‌ವೇರ್. ನೋಡಲು ಹಳೇ ಕಾಲದ್ದು, ಮೊದಲ ಸಲ ತೆರೆದವರು ಗಾಬರಿಯಾಗುತ್ತಾರೆ. ಇದರ ಜೊತೆ ನಿವ್ಯಾ ಡಿ ಯಾಂಗ್, ಟಾನ್ ವೆಂಪೆ 2009ರಲ್ಲಿ ಪ್ರಕಟಿಸಿದ ಸ್ಕ್ರಿಪ್ಟ್ (ಪ್ರಾಟ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂ) ಹಾಕಿಕೊಳ್ಳಬೇಕು. ಅದು ದನಿ ಎಲ್ಲಿ ಜೋರಾಗುತ್ತದೆ, ಎಲ್ಲಿ ತಗ್ಗುತ್ತದೆ ಅಂತ ನೋಡಿ ಸಿಲಬಲ್‌ಗಳನ್ನೂ (ಒಂದೊಂದು ಸ್ವರದ ಸುತ್ತ ಕೂಡುವ ಉಚ್ಚಾರದ ತುಣುಕು) ಮೌನಗಳನ್ನೂ ಎಣಿಸುತ್ತದೆ. ಮಾತನ್ನು ಬರೆದಿಡುವ ಕೆಲಸವೇ ಇಲ್ಲ.

ಸೆಕೆಂಡಿಗೆ ಎಷ್ಟು ಸಿಲಬಲ್ ಅನ್ನುವ ಲೆಕ್ಕದಲ್ಲಿ ಎರಡು ವೇಗ ಸಿಗುತ್ತವೆ. ಒಂದು ಮೌನವೂ ಸೇರಿದ್ದು, ಇನ್ನೊಂದು ಬಾಯಿ ಆಡಿದ ಹೊತ್ತಿನದು ಮಾತ್ರ. ನನಗೆ ಎರಡನೆಯದು ಬೇಗ ಏರಿ ನಿಂತುಬಿಟ್ಟಿತು. ಮೊದಲನೆಯದು ಏಳಲೇ ಇಲ್ಲ. ಅಂದರೆ ನಾಲಿಗೆ ಪಳಗಿದೆ, ತಡವಾಗುತ್ತಿರುವುದು ಪದ ಹುಡುಕುವಲ್ಲಿ! ಆ್ಯಪ್‌ನ ಒಂಟಿ ಅಂಕದಲ್ಲಿ ಇದು ಕಾಣುತ್ತಲೇ ಇರಲಿಲ್ಲ.

ಆದರೆ ಮೌನ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ವಾಕ್ಯ ಮುಗಿದ ಮೇಲೆ ಎಲ್ಲರೂ ನಿಲ್ಲುತ್ತಾರೆ, ಸ್ಪ್ಯಾನಿಷ್‌ನಲ್ಲೇ ಹುಟ್ಟಿ ಬೆಳೆದವರೂ. ಕಲಿಯುವವರು ಮಧ್ಯದಲ್ಲಿ ನಿಲ್ಲುತ್ತಾರೆ, ಕ್ರಿಯಾಪದದ ರೂಪ ನೆನಪಿಸಿಕೊಳ್ಳುತ್ತಾ. ಇದನ್ನು ಸ್ಕ್ರಿಪ್ಟ್ ಹೇಳುವುದಿಲ್ಲ. ರೆಕಾರ್ಡಿಂಗ್ ಕೇಳುತ್ತಾ ನಾವೇ ಗುರುತು ಹಾಕಬೇಕು. ತಲೆನೋವಿನ ಕೆಲಸ, ಆದರೆ ನನಗೆ ಜಾಸ್ತಿ ಉಪಯೋಗವಾದದ್ದು ಇದೇ. 250 ಮಿಲಿಸೆಕೆಂಡ್‌ಗಿಂತ ಚಿಕ್ಕ ನಿಲುಗಡೆಗಳನ್ನು ಬಿಟ್ಟುಬಿಡಿ. ಸಂಶೋಧಕರೂ ಹೆಚ್ಚಾಗಿ ಹಾಗೇ ಮಾಡುತ್ತಾರೆ.

ಕೊರತೆಗಳೂ ಇವೆ. ಹಿಂದೆ ಫ್ಯಾನ್ ಸದ್ದಿದ್ದರೆ ಲೆಕ್ಕ ಕೆಡುತ್ತದೆ. 'ಎಎಎ...' ಅಂತ ಎಳೆದರೂ ಹಳೇ ಸ್ಕ್ರಿಪ್ಟ್ ಅದನ್ನು ಸಿಲಬಲ್ ಅಂತಲೇ ಎಣಿಸಬಹುದು. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಕೂಡಿಕೊಳ್ಳುವುದು ಬೇರೆ. 'ವಾ ಆ ಆಬ್ಲಾರ್' (ಮಾತಾಡಲಿದ್ದಾನೆ) ಬರಹದಲ್ಲಿ ನಾಲ್ಕು ಸಿಲಬಲ್, ಬೇಗ ಹೇಳಿದರೆ ಎರಡೇ. ಸರಾಗವಾಗಿ ಕೂಡಿಸಿದವರಿಗೇ ಎಣಿಕೆ ಕಮ್ಮಿ ಬರುತ್ತದೆ, ವಿಚಿತ್ರ ಅಲ್ವಾ?

ಇನ್ನೊಂದು ಸಲಹೆ: ಒಂದು ಚಿತ್ರ ನೋಡಿ ಸ್ಪ್ಯಾನಿಷ್‌ನಲ್ಲಿ ಮಾತಾಡಿದ ಮೇಲೆ, ಅದೇ ಚಿತ್ರ ನೋಡಿ ತಾಯ್ನುಡಿಯಲ್ಲೂ ಮಾತಾಡಿ ಅಳೆಯಿರಿ. ಸ್ವಭಾವತಃ ನಿಧಾನ ಮಾತಿನವರು ಸ್ಪ್ಯಾನಿಷ್‌ನಲ್ಲೂ ನಿಧಾನವೇ. ಅದಕ್ಕೆ ಸುಮ್ನೆ ಕೊರಗಬೇಕಿಲ್ಲ.

ಸರ್ಟಿಫಿಕೇಟ್ ಬೇಕಿದ್ದವರಿಗೆ ಇದಲ್ಲ. ಅವರು ಡೆಲೆ ಅಥವಾ ಸಿಯೆಲೆ ಅನ್ನುವ ಸ್ಪ್ಯಾನಿಷ್ ಭಾಷಾ ಪರೀಕ್ಷೆ ತೆಗೆದುಕೊಳ್ಳಲಿ. ಡೆಲೆಗೆ ಅವಧಿ ಮುಗಿಯುವುದಿಲ್ಲ, ಸಿಯೆಲೆ 5 ವರ್ಷ ಮಾತ್ರ ನಡೆಯುತ್ತದೆ. ಕೂತು ಕಲಿಯುವ ತಾಳ್ಮೆ ಇದ್ದವರಿಗೆ ಪ್ರಾಟ್. ನನ್ನ ಕಡೆಯಿಂದ 5ಕ್ಕೆ 4.