ರೋಸ್ ಕುಕೀಸ್ ಅಚ್ಚು: ತೂಕದ ಕಬ್ಬಿಣದ್ದೇ ತಗೊಳ್ಳಿ, ಅದೂ ಎರಡು

ಈ ಸಲ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು, ಮನೆಯಲ್ಲೇ ಮಾಡೋಣ ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಿಟ್ಟಿನಲ್ಲಿ ಅಚ್ಚು ಅದ್ದಿ ಹೂವಿನ ಆಕಾರಕ್ಕೆ ಕರಿಯುವ ರೋಸ್ ಕುಕೀಸ್‌ಗೆ ಉದ್ದ ಹಿಡಿಯ, ಕೈಗೆ ಭಾರ ಅನ್ನಿಸುವ ಕಬ್ಬಿಣದ ಅಚ್ಚು ತಗೊಳ್ಳಿ. ಒಂದಲ್ಲ, ಎರಡು. ಅಲ್ಯೂಮಿನಿಯಂ ಅಚ್ಚು ಹೊಳೆಯುತ್ತದೆ, ಬೆಲೆಯೂ ಕಡಿಮೆ, ಆದರೆ ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿಗೆ ಅದ್ದಿದ ಕೂಡಲೇ ತಣ್ಣಗಾಗುತ್ತದೆ. ಅಚ್ಚು ತಣ್ಣಗಾದರೆ ಹಿಟ್ಟು ಹಿಡಿಯುವುದಿಲ್ಲ, ಜಾರಿ ಪಾತ್ರೆಗೇ ಬೀಳುತ್ತದೆ. ತೂಕದ ಕಬ್ಬಿಣ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ಈ ಕೆಲಸಕ್ಕೆ ಬೇಕಾಗಿರುವುದೇ ಅದು.

ನಾವು ತಂದದ್ದು ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಗಲ್ಲಿಯ ಒಂದು ಅಂಗಡಿಯಿಂದ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. 1869ರ ಮಾರ್ಕೆಟ್ ಅದು, ಈಗ ಮಹಾತ್ಮಾ ಜ್ಯೋತಿಬಾ ಫುಲೆ ಮಂಡೈ ಅಂತ ಹೆಸರಿದ್ದರೂ ಟ್ಯಾಕ್ಸಿಯವರಿಗೆ ಕ್ರಾಫರ್ಡ್ ಅಂದರೇ ಸಾಕು. ಕೇಕ್ ಟಿನ್ನು, ಮಿಲ್ಕ್ ಕ್ರೀಮ್ ಅನ್ನುವ ಸಿಹಿಯ ರಬ್ಬರ್ ಅಚ್ಚು, ಒಣದ್ರಾಕ್ಷಿ, ಗೋಡಂಬಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಡಿಸೆಂಬರ್ ನಡುವಿಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ನವೆಂಬರ್‌ನಲ್ಲೇ ಹೋಗಿ ಬನ್ನಿ. ಆನ್‌ಲೈನ್‌ನಲ್ಲೂ ಇದೆ, ಆದರೆ ಫೋಟೋ ನೋಡಿ ತೂಕ ಹೇಗೆ ಗೊತ್ತಾಗಬೇಕು?

ಹೊಸ ಅಚ್ಚನ್ನು ತಂದ ದಿನವೇ ಬಳಸಬೇಡಿ. ಚೆನ್ನಾಗಿ ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿಸಿಡಿ. ನಮ್ಮ ಅತ್ತೆ ಮಂಗಳೂರಿನವರು, ಅವರು ಎಣ್ಣೆಗೂ ಮೊದಲು ಗಂಜಿ ತಿಳಿಯಲ್ಲಿ ನೆನೆಸಿಡುತ್ತಾರೆ. ಹಾಗೆ ಮಾಡಿದರೂ ಮೊದಲ ನಾಲ್ಕೈದು ಹೂ ಅಂಟಿಕೊಳ್ಳುತ್ತವೆ, ಆಮೇಲೆ ಸರಿಹೋಗುತ್ತದೆ, ಅಚ್ಚೇ ಸರಿಯಿಲ್ಲ ಅಂತ ಬೈಯಬೇಡಿ.

ಹಿಟ್ಟಿಗೆ ನಮ್ಮ ಲೆಕ್ಕ ಇದು: ಮೈದಾ 2 ಕಪ್, ಅಕ್ಕಿ ಹಿಟ್ಟು 1 ಕಪ್, ಸಕ್ಕರೆ ಮುಕ್ಕಾಲು ಕಪ್, ಮೊಟ್ಟೆ 2, ಚಿಟಿಕೆ ಉಪ್ಪು, ಏಲಕ್ಕಿ, ಬೇಕಿದ್ದರೆ ಎಳ್ಳು. ತೆಂಗಿನಹಾಲು ಹಾಕುತ್ತಾ ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿ. ಸಕ್ಕರೆ ಜಾಸ್ತಿಯಾದರೆ ಎಂಥ ಅಚ್ಚಾದರೂ ಅಂಟುತ್ತದೆ, ಬೇಗ ಕಪ್ಪಾಗುತ್ತದೆ. ಬಿಲ್ಡಿಂಗ್‌ನಲ್ಲಿ ಜೈನರು, ಗುಜರಾತಿಗಳು ಇದ್ದಾರಲ್ಲ, ಅವರಿಗೆ ಹಂಚುವ ತಟ್ಟೆಗೆ ಮೊಟ್ಟೆ ಇಲ್ಲದ ಹಿಟ್ಟನ್ನು ಮೊದಲು ಕರಿದು, ಮೊಟ್ಟೆಯದ್ದು ಆಮೇಲೆ ಮಾಡುತ್ತೇವೆ. ತೆಂಗಿನಹಾಲು ಗಟ್ಟಿಯಾಗಿದ್ದರೆ ಅದೂ ಚೆನ್ನಾಗಿಯೇ ಬರುತ್ತದೆ.

ಇನ್ನು ಎರಡು ಅಚ್ಚು ಯಾಕೆ ಅಂದರೆ, ಒಂದು ಹಿಟ್ಟಿನಲ್ಲಿರುವಾಗ ಇನ್ನೊಂದು ಎಣ್ಣೆಯಲ್ಲಿ ಕಾಯುತ್ತಿರಬೇಕು. ಒಂದೇ ಇದ್ದರೆ ಪ್ರತಿ ಹೂವಿಗೂ ಅಚ್ಚು ಕಾಯುವ ತನಕ ನಿಂತಿರಬೇಕು, ಒಲೆ ಮುಂದೆ ಒಬ್ಬರೇ ಬೆವರುತ್ತಾರೆ, ಉಳಿದವರು ಹಾಲ್‌ನಲ್ಲಿ ಮೊಬೈಲ್ ನೋಡುತ್ತಾರೆ. ಎರಡು ಬಂದ ಮೇಲೆ ನಮ್ಮ ಮನೆಯಲ್ಲಿ ಕೆಲಸ ಹಂಚಿಹೋಯಿತು. ಅತ್ತೆ ಕಾದ ಅಚ್ಚನ್ನು ಹಿಟ್ಟಿಗೆ ಅದ್ದುತ್ತಾರೆ, ಮುಕ್ಕಾಲು ಭಾಗ ಮಾತ್ರ. ಮೇಲಿನ ಅಂಚು ಮುಚ್ಚಿದರೆ ಹೂ ಅಚ್ಚನ್ನು ಬಿಡುವುದೇ ಇಲ್ಲ. ಚುಂಯ್ ಅನ್ನುತ್ತದೆ, ಸುತ್ತ ಹಿಟ್ಟು ಬಿಳಿಯಾಗಿ ಕಚ್ಚುತ್ತದೆ, ಎತ್ತಿ ಎಣ್ಣೆಗೆ ಇಳಿಸಿ ಸಣ್ಣಗೆ ಕುಲುಕಿದರೆ ಹೂ ತಾನಾಗಿ ಕಳಚಿ ತೇಲುತ್ತದೆ. ನನ್ನ ಗಂಡ ಕಡ್ಡಿಯಿಂದ ತಿರುವಿ ಹಾಕಿ, ಅಂಚು ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯುತ್ತಾರೆ. ಆಗ ಅದು ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿ. ಒಲೆಯಿಂದ ದೂರ, ಮೇಜಿನ ಹತ್ತಿರ ಮಗಳು. ಕೈಗೆ ತಡೆಯುವಷ್ಟು ಬಿಸಿ ಇಳಿದ ಹೂವನ್ನು ಬೋರಲು ಹಾಕಿದ ಬಟ್ಟಲ ಮೇಲೆ ಮೆಲ್ಲಗೆ ಒತ್ತುತ್ತಾಳೆ, ಅಂಚು ಬಾಗಿ ನಿಜವಾಗಿ ಅರಳಿದ ಹಾಗೆ ಕಾಣುತ್ತದೆ. ಬಾಂದ್ರಾ ಹಿಲ್ ರೋಡ್‌ನಲ್ಲಿ ಒಳ್ಳೆಯ ತಿಂಡಿ ಸಿಗುತ್ತದೆ, ನಾವೂ ತಂದು ತಿಂದಿದ್ದೇವೆ. ಆದರೆ ಅತ್ತೆಯ ಕೈ ಎಷ್ಟು ಹೊತ್ತು ಕಾದು, ಯಾವಾಗ ಕುಲುಕುತ್ತದೆ ಅಂತ ಮಗಳು ನೋಡಿ ಕಲಿಯುವುದು ಅಂಗಡಿ ಡಬ್ಬಿಯಿಂದ ಆಗುತ್ತಾ? ನನಗೆ ಅಚ್ಚಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು.

ಕೊರತೆಯೂ ಇದೆ. ಹೂವಿನ ಭಾಗ ಸರಳಿಗೆ ತಿರುಪಿನಲ್ಲಿ ಕೂತಿರುತ್ತದೆ, ಕಾದು ಕಾದು ಅದು ಸಡಿಲವಾಗುತ್ತದೆ. ನಮ್ಮ ಎರಡರಲ್ಲಿ ಒಂದು ಹೀಗೆ ಕಳಚಿ ಕಾದ ಎಣ್ಣೆಯೊಳಗೇ ಬಿತ್ತು. ಎಣ್ಣೆ ಸಿಡಿದು ಯಾರಿಗೂ ತಾಗದೇ ಇದ್ದದ್ದು ದೊಡ್ಡದು. ವಾಪಸ್ ತಗೊಂಡು ಹೋದರೆ ಅಂಗಡಿಯವರು ಬದಲಾಯಿಸಿ ಕೊಡಲಿಲ್ಲ, ಮಾತಾಡಿದ ರೀತಿಯೂ ಸರಿಯಿರಲಿಲ್ಲ. ಅದಕ್ಕೇ ಕೊಳ್ಳುವಾಗಲೇ ತಿರುಪು ತಿರುಗಿಸಿ ನೋಡಿ, ಅಂಚಿನ ಮೇಲೆ ಬೆರಳಾಡಿಸಿ. ತರಿತರಿ ಇದ್ದರೆ ಬೇರೆ ಕೇಳಿ. ಪ್ರತಿ ಸಲ ಕರಿಯಲು ಕೂರುವ ಮೊದಲು ಇಕ್ಕಳದಲ್ಲಿ ಬಿಗಿ ಮಾಡಿಕೊಳ್ಳಿ.

ಪಕ್ಕದಲ್ಲೇ ಕಿಡಿಯೊ (ಗೆರೆ ಮೂಡಿಸಿ, ಸುರುಳಿ ಸುತ್ತಿ ಕರಿಯುವ ಸಣ್ಣ ಸಿಹಿ ತಿಂಡಿ) ಮಾಡುವ ಗೆರೆಯ ಹಲಗೆಯನ್ನೂ ಮಾರುತ್ತಾರೆ. ಬೇಡ. ಹೊಸ ಬಾಚಣಿಗೆ ಅಥವಾ ಫೋರ್ಕ್‌ನ ಬೆನ್ನು ಸಾಕು, ಮಕ್ಕಳ ಕೈಗೂ ಅದೇ ಸುಲಭ.

ಕೆಲಸ ಮುಗಿದ ಮೇಲೆ ಅಚ್ಚನ್ನು ಸೋಪಿನಲ್ಲಿ ತಿಕ್ಕಬೇಡಿ, ಮಾಡಿಟ್ಟ ಹದವೆಲ್ಲ ಹೋಗುತ್ತದೆ. ಆರಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಪೇಪರ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಮುಂಬೈ ಮಳೆಗಾಲದಲ್ಲಿ ಒಮ್ಮೆ ತೆಗೆದು ಮತ್ತೆ ಎಣ್ಣೆ ಸವರಿಡಿ, ಇಲ್ಲಿಯ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.