ಒಂದೇ ನಮೂನೆ, ಮೂರು ನೂಲು: ಕ್ರೋಶಾ ಹೊದಿಕೆಗೆ ಯಾವುದು ಒಗ್ಗಿತು

ದಾವಣಗೆರೆಯ ಅಂಗಡಿಗಳಲ್ಲಿ ‘ಉಲ್ಲನ್’ ಕೊಡಿ ಎಂದರೆ ಬಹುಮಟ್ಟಿಗೆ ಕೈಗೆ ಬರುವುದು ಅಕ್ರಿಲಿಕ್. ಅದು ಕುರಿಯ ಮೈಮೇಲಿನದಲ್ಲ, ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ತೆಗೆದ ಎಳೆ. ನನಗದು ತಿಳಿದದ್ದು ಕ್ರೋಶಾದಲ್ಲಿ, ಅಂದರೆ ತುದಿಗೆ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ, ಮೊದಲ ಹೊದಿಕೆಯನ್ನು ಪೂರ್ತಿ ಹೆಣೆದ ಮೇಲೆ. ಉಳಿದ ತುಣುಕೊಂದನ್ನು ದೀಪದ ಕುಡಿಗೆ ಹಿಡಿದಾಗ ಅದು ಕರಗಿ, ಕಪ್ಪು ಮಣಿಯಂತೆ ಗಟ್ಟಿಯಾಗಿ ನಿಂತಿತು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಹತ್ತಿಯಾಗಿದ್ದರೆ ಕಾಗದದಂತೆ ಉರಿಯಬೇಕಿತ್ತು. ಆ ಮಣಿಯನ್ನು ನೋಡಿದ ದಿನವೇ, ಅದೇ ನಮೂನೆಯನ್ನು ಹತ್ತಿಯಲ್ಲಿಯೂ ಚಳ್ಳಕೆರೆ ಕಡೆಯ ಕುರಿಯುಣ್ಣೆಯಲ್ಲಿಯೂ ಹೆಣೆದು, ಮೂರನ್ನೂ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಹಾಸಿ ನೋಡಬೇಕೆಂದುಕೊಂಡೆ.

ನಮೂನೆ ಗ್ರ್ಯಾನಿ ಚೌಕ. ಮೂರು ಮೂರು ಡಬಲ್ ಕ್ರೋಶಾಗಳ (ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಉದ್ದನೆಯ ಹೆಣಿಗೆಗಳ) ಗೊಂಚಲು, ಮೂಲೆಗಳಲ್ಲಿ ಚೈನಿನ, ಅಂದರೆ ಸರಪಳಿಯಂಥ ಕುಣಿಕೆಗಳ, ಕಿಂಡಿ, ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಬೆಳೆಯುವ ಚೌಕ. ಅಮೆರಿಕದ ‘ಪ್ರೇರಿ ಫಾರ್ಮರ್’ ಪತ್ರಿಕೆಯಲ್ಲಿ ಇಂಥ ಚೌಕದ ವಿವರಣೆ 1885ರಲ್ಲೇ ಅಚ್ಚಾಗಿತ್ತು. ಉಳಿಕೆ ನೂಲನ್ನು ಬಣ್ಣಬಣ್ಣವಾಗಿ ಖರ್ಚು ಮಾಡುವ ಈ ಜಾಣತನ ನಮ್ಮ ಕೌದಿಯದೂ ಹೌದು. ಹೊಸದಾಗಿ ಕಲಿಯುವವರು ಗಮನಿಸಬೇಕಾದ ಒಂದು ಮಾತಿದೆ: ಅಮೆರಿಕದವರು ಡಬಲ್ ಕ್ರೋಶಾ ಎನ್ನುವುದನ್ನೇ ಬ್ರಿಟನ್ನಿನವರು ಟ್ರೆಬಲ್ ಎನ್ನುತ್ತಾರೆ. ಇದನ್ನು ತಿಳಿಯದೆ ನಾನು ಮೊದಲ ಹನ್ನೆರಡು ಚೌಕಗಳನ್ನು ಬಿಚ್ಚಬೇಕಾಯಿತು. ನಾಲ್ಕು ಸುತ್ತಿನ, ಸುಮಾರು 5 ಇಂಚಿನ ಚೌಕಗಳನ್ನು 7ಕ್ಕೆ 9ರಂತೆ ಜೋಡಿಸಿದರೆ ಒಟ್ಟು 63. ಪ್ರತಿ ಸುತ್ತಿಗೂ ಬಣ್ಣ ಬದಲಾಯಿಸಿದ್ದರಿಂದ ಚೌಕವೊಂದಕ್ಕೆ 8 ನೂಲಿನ ಬಾಲಗಳು, ಹೊದಿಕೆಯೊಂದಕ್ಕೆ 504. ಅವನ್ನೆಲ್ಲ ಸೂಜಿಯಿಂದ ಹೆಣಿಗೆಯೊಳಗೆ ಅಡಗಿಸುವ ಕೆಲಸವೇ ನೂಲಿನ ನಿಜಗುಣವನ್ನು ತೋರಿಸಿತು.

ಅಕ್ರಿಲಿಕ್ ಆ ಕೆಲಸದಲ್ಲಿ ಸ್ವಲ್ಪ ಮೋಸಗಾರ. ಎಳೆ ನಯವಾಗಿರುವುದರಿಂದ ಒಂದೇ ದಿಕ್ಕಿಗೆ ಅಡಗಿಸಿದ ಬಾಲಗಳು ಎರಡು ಒಗೆತಕ್ಕೆ ಹೊರಗೆ ಇಣುಕಿದವು; ಹೋಗಿ, ಮರಳಿ, ಮತ್ತೆ ಹೋಗಿ ಮೂರು ಸಲ ಸೂಜಿ ಆಡಿಸಿದ ಮೇಲೆಯೇ ನಿಂತವು. ಅದು ಬಿಟ್ಟರೆ 5 ಮಿಲಿಮೀಟರಿನ ಕಡ್ಡಿಗೆ ಅದರಷ್ಟು ಸಲೀಸಾದ ನೂಲು ಬೇರೆಯಿಲ್ಲ. ಎಳೆದರೆ ತುಸು ಹಿಗ್ಗಿ ಮರಳುತ್ತದೆ, ಮಣಿಕಟ್ಟು ನೋಯುವುದಿಲ್ಲ, ಅರಿಸಿನದಿಂದ ನವಿಲುನೀಲಿಯವರೆಗೆ ಎಲ್ಲ ಬಣ್ಣಗಳೂ ಸಿಗುತ್ತವೆ, ಎಷ್ಟು ಒಗೆದರೂ ಆ ಬಣ್ಣಗಳು ಮಾಸುವುದಿಲ್ಲ. ಇಡೀ ಹೊದಿಕೆ 480 ಗ್ರಾಂ ತೂಗಿತು. ಆದರೆ ಅಕ್ರಿಲಿಕ್ ತೇವವನ್ನು ಹೀರುವುದಿಲ್ಲವೆಂದೇ ಹೇಳಬಹುದು. ಜನವರಿಯ ಬೆಳಗಿನ ಜಾವಕ್ಕೆ ಬೆಚ್ಚಗೆ ಒದಗಿದ ಅದೇ ಹೊದಿಕೆ ಮಾರ್ಚ್ ತಿಂಗಳಲ್ಲಿ ಮೈಗೆ ಅಂಟತೊಡಗಿತು. ಅಂಚುಗಳು ಮುದುರಿವೆಯೆಂದು ಬಿಸಿ ಇಸ್ತ್ರಿ ಇಟ್ಟದ್ದು ನನ್ನದೇ ತಪ್ಪು. ಮೂಲೆಯ ಎರಡು ಚೌಕಗಳು ಪುಟಿತವನ್ನೆಲ್ಲ ಕಳೆದುಕೊಂಡು ಹಳೆಯ ರಿಬ್ಬನ್ನಿನಂತೆ ಜೋತುಬಿದ್ದವು, ಮತ್ತೆ ಸರಿಹೋಗಲಿಲ್ಲ.

ಹತ್ತಿಯ ಮೇಲೆ ನನಗಿದ್ದದ್ದು ಊರಿನ ಅಭಿಮಾನ. ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಹತ್ತಿಯ ನೂಲೇ ಗೆಲ್ಲಬೇಕೆಂಬ ಪಕ್ಷಪಾತ ಮೊದಲಿನಿಂದಲೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಹೆಣೆಯುವಾಗ ಆ ಪಕ್ಷಪಾತ ಬಹಳ ದಿನ ಉಳಿಯಲಿಲ್ಲ. ಹತ್ತಿ ಹಿಗ್ಗುವುದಿಲ್ಲವಾದ್ದರಿಂದ ಪ್ರತಿ ಕುಣಿಕೆಯನ್ನೂ ಬೆರಳೇ ಸಡಿಲಿಸಿ ಕೊಡಬೇಕು. ಕಡ್ಡಿಯ ತುದಿ ಎಳೆಗಳ ನಡುವೆ ತೂರಿ ನೂಲನ್ನು ಸೀಳುತ್ತದೆ. ದಿನಕ್ಕೆ ನಾಲ್ಕು ಚೌಕಗಳಿಗೆ ಹೆಬ್ಬೆರಳ ಬುಡ ನೋಯುತ್ತಿತ್ತು. 4 ಮಿಲಿಮೀಟರಿನ ಕಡ್ಡಿಗೆ ಇಳಿದು, ಚೌಕದ ಅಳತೆ ಕೂಡಿಬರಲು ಅರ್ಧ ಸುತ್ತು ಹೆಚ್ಚಿಗೆ ಹಾಕಿಕೊಂಡೆ. ತೂಕ 710 ಗ್ರಾಂ ಬಂದಿತು, ಖರ್ಚು ಅಕ್ರಿಲಿಕ್‌ನ ಎರಡೂವರೆ ಪಟ್ಟಾಯಿತು. ಮೊದಲ ಒಗೆತದಲ್ಲಿ ಕೆಂಪು ನೂಲು ಬಣ್ಣ ಬಿಟ್ಟು, ಪಕ್ಕದ ಬಿಳಿ ಸುತ್ತುಗಳೆಲ್ಲ ಗುಲಾಬಿಯಾದವು. ಮಾರಿದವರು ಬಣ್ಣ ಬಿಡುವುದಿಲ್ಲವೆಂದು ಎರಡು ಸಲ ಹೇಳಿದ್ದರು. ಈಗ ಗಾಢ ಬಣ್ಣದ ಪ್ರತಿ ಲಡಿಯಿಂದಲೂ ಗೇಣುದ್ದ ತುಂಡನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ನೋಡದೆ ಹೆಣೆಯಲು ಕೂರುವುದಿಲ್ಲ. ಒದ್ದೆ ಹೊದಿಕೆಯನ್ನು ತಂತಿಯ ಮೇಲೆ ಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ. ಹಗ್ಗದ ಮಂಚದ ಮೇಲೆ ಹರವಿ ಒಣಗಿಸುವುದೇ ಸರಿ.

ಇಷ್ಟೆಲ್ಲ ದೂರಿದರೂ, ವರ್ಷದಲ್ಲಿ ಹೆಚ್ಚು ರಾತ್ರಿ ನಾವು ಹೊದ್ದದ್ದು ಹತ್ತಿಯದನ್ನೇ. ಏಪ್ರಿಲ್ ರಾತ್ರಿ ಫ್ಯಾನಿನ ಕೆಳಗೆ ಬೆವರನ್ನು ಹೀರಿಕೊಂಡು ತಂಪಾಗಿರುವ ಹೊದಿಕೆ ಅದೊಂದೇ. ಒಗೆದಷ್ಟೂ ಮೆತ್ತಗಾಗಿದೆ. ಒಂದು ವರ್ಷದ ಬಳಕೆಗೆ ಅಕ್ರಿಲಿಕ್‌ನ ಮೇಲೆ ಎಳೆಗಳ ಸಣ್ಣ ಸಣ್ಣ ಉಂಡೆಗಳೆದ್ದಿದ್ದರೆ, ಹತ್ತಿಯ ಗೊಂಚಲುಗಳನ್ನು ಇಂದಿಗೂ ಒಂದೊಂದಾಗಿ ಎಣಿಸಬಹುದು. ಬಾಲಗಳಂತೂ ಒಮ್ಮೆ ಅಡಗಿಸಿದವು ಮತ್ತೆ ಮುಖ ತೋರಿಸಲಿಲ್ಲ.

ಮೂರನೆಯದಕ್ಕೆ ಚಿತ್ರದುರ್ಗ ದಾಟಿ ಚಳ್ಳಕೆರೆಗೆ ಹೋಗಿದ್ದೆ. ಕುರುಬ ನೇಕಾರರ ಕರಿ ಕಂಬಳಿಗೆ ಹೆಸರಾದ ಸೀಮೆಯದು. ಅಲ್ಲಿ ಕೈಯಲ್ಲಿ ನೂತ ಉಣ್ಣೆಯನ್ನು ಕೇಳಿದಾಗ, ಕಂಬಳಿ ಮಾರುತ್ತಿದ್ದ ಹಿರಿಯರು ನನ್ನ ಚೀಲದಲ್ಲಿದ್ದ ಕ್ರೋಶಾ ಕಡ್ಡಿಯನ್ನು ತಿರುಗಿಸಿ ನೋಡಿ, “ಅಕ್ಕಾರೆ, ಇದು ಮಗ್ಗದ ನೂಲು, ನಿಮ್ಮ ಕಡ್ಡಿ ಮಾತು ಕೇಳಲ್ಲ” ಎಂದರು. ಅವರ ಮಾತೇ ನಿಜವಾಯಿತು. ದಖ್ಖನಿ ಕುರಿಯ ಉಣ್ಣೆ ಒರಟು. ಒಂದೇ ಎಳೆಯ ನೂಲು ಒಂದೆಡೆ ದಪ್ಪ, ಒಂದೆಡೆ ಸಪೂರ. ತಪ್ಪಿದ ಸುತ್ತನ್ನು ಬಿಚ್ಚಲು ಹೋದರೆ ಕೂದಲುಗಳು ಒಂದಕ್ಕೊಂದು ಹೆಣೆದುಕೊಂಡು ನೂಲೇ ಹರಿಯುತ್ತದೆ. ಬಣ್ಣವೂ ಕಪ್ಪು, ಕಂದು, ಬೂದು ಇಷ್ಟೇ, ಅಂದರೆ ಗ್ರ್ಯಾನಿ ಚೌಕದ ಸೊಗಸೆಲ್ಲ ಅಲ್ಲಿಗೆ ಮುಗಿಯಿತು. ಹನ್ನೊಂದು ಚೌಕಗಳಿಗೆ ಕೈಬಿಟ್ಟೆ. ಆದ್ದರಿಂದ ಮೂರನೆಯದನ್ನು ಮಿಕ್ಕೆರಡರ ಸಾಲಿನಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೂ ಒಂದು ಮಾತು ಹೇಳಬೇಕು: ಅದರಲ್ಲಿ ಒಂದು ಚೌಕವನ್ನು ಮೊಣಕಾಲ ಮೇಲೆ ಹಾಕಿಕೊಂಡ ನಮ್ಮತ್ತೆಯವರು, ಚುಚ್ಚಿದರೂ ಸರಿ, ನೋವಿಗೆ ಇದರ ಕಾವೇ ಬೇಕು ಎಂದು ಹಠ ಹಿಡಿದರು.

ಹಾಗಾಗಿ ಮತ್ತೊಮ್ಮೆ ಹೋಗಿ, ನೇಯ್ದು ಸಿದ್ಧವಾಗಿದ್ದ ಸಣ್ಣ ಕಂಬಳಿಯನ್ನೇ ತಂದೆ. ಹುಣಸೆಬೀಜದ ಗಂಜಿ ಹಾಕಿದ ಕಂಬಳಿ ರಟ್ಟಿನಂತೆ ಸೆಟೆದುಕೊಂಡಿರುವುದರಿಂದ ಕ್ರೋಶಾ ಕಡ್ಡಿ ಅದರ ಅಂಚಿನಲ್ಲಿ ನೇರವಾಗಿ ಇಳಿಯುವುದಿಲ್ಲ. ಮೊದಲು ದಬ್ಬಳದಿಂದ ಅರ್ಧ ಅರ್ಧ ಇಂಚಿಗೆ ತೂತು ಮಾಡಿ, ಗಟ್ಟಿ ಹತ್ತಿಯ ನೂಲಿನಿಂದ ಸುತ್ತಲೂ ಕುಣಿಕೆ ಹೊಲಿಗೆ ಹಾಕಿಕೊಂಡು, ಆ ಕುಣಿಕೆಗಳನ್ನೇ ಹಿಡಿದು ಉಳಿಕೆ ಅಕ್ರಿಲಿಕ್‌ನಲ್ಲಿ ಐದು ಬಣ್ಣದ ಗೊಂಚಲುಗಳ ಅಂಚು ಬೆಳೆಸಿದೆ. ಕಂಬಳಿ ಮತ್ತು ಅಂಚು ಬೇರೆ ಬೇರೆ ರೀತಿಯಲ್ಲಿ ಕುಗ್ಗುವುದರಿಂದ ಇದನ್ನು ನೀರಿಗೆ ಹಾಕುವಂತಿಲ್ಲ. ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಬೇವಿನ ಸೊಪ್ಪಿನ ನಡುವೆ ಮಡಿಸಿಡುತ್ತೇನೆ. ಅತ್ತೆಯವರು ಕಂಬಳಿಯನ್ನು ಕಾಲ ಮೇಲೆ ಹಾಕಿಕೊಂಡು, ಬಣ್ಣದ ಅಂಚನ್ನು ಮಾತ್ರ ಗಲ್ಲದ ಕಡೆಗೆ ಎಳೆದುಕೊಳ್ಳುತ್ತಾರೆ.